ಸೌಟು ಹಿಡಿದ ಸ್ಟ್ಯಾಟಿಸ್ಟಿಕ್ಸ್ ಮೇಡಂ

ಕುಂದಾಪುರದ ನಮ್ಮ ಕಾಲೇಜಿನಲ್ಲಿ ಸೌಟು ಹಿಡಿದುಕೊಂಡು ತರಗತಿಗೆ ಬರುತ್ತಿದ್ದವರು ಸುಮತಿ ಮೇಡಂ ಒಬ್ಬರೇ. ಬಿ.ಕಾಂ.ನಲ್ಲಿ ಫೈನಾನ್ಸ್ ಆರಿಸಿಕೊಂಡಿದ್ದ ನಮಗೆ ಅವರು ಸ್ಟ್ಯಾಟಿಸ್ಟಿಕ್ಸ್ ಕಲಿಸುತ್ತಿದ್ದರು. ಮೊದಲ ದಿನ ಸೌಟಿನ ಜೊತೆ ಮುಚ್ಚಿದ ಪಾತ್ರೆಯೊಂದನ್ನೂ ತಂದು ಮೇಜಿನ ಮೇಲಿಟ್ಟಾಗ, ಪಾಯಸವಿರಬಹುದೆಂದು ಹಿಂದಿನ ಬೆಂಚಿನವರೆಲ್ಲ ಮುಂದೆ ಬಂದು ಕೂತಿದ್ದರು.

ಇದ್ದದ್ದು ಅಕ್ಕಿ. ನನ್ನನ್ನು ಕರೆದು ಮೇಲಿನಿಂದ ಒಂದು ಸೌಟು ತೆಗೆಸಿದರು. ಬೆಳ್ಳಗಿನ ಬೆಳ್ತಿಗೆ ಅಕ್ಕಿ ಬಂತು.

"ಪಾತ್ರಿಯಂಗೆ ಎಂತ ಇತ್ತ್?"

"ಬೆಳ್ತಿಗೆ ಅಕ್ಕಿ, ಮೇಡಂ."

"ಈಗ ಕಲಕಿ ತೆಗಿ, ಕಾಂಬ."

ಈ ಸಲ ಸೌಟಿನ ತುಂಬ ಕೆಂಪು ಕುಚ್ಚಿಗೆ ಅಕ್ಕಿ, ನಡುವೆ ಅಲ್ಲೊಂದು ಇಲ್ಲೊಂದು ಬಿಳಿ ಕಾಳು. "ಅನ್ನ ಬೆಂದದ್ದ್ ಕಾಂಬುಕೆ ಒಂದ್ ಅಗಳ್ ಸಾಕ್ ಅಂತ್ರ್. ಸಮ. ಆದ್ರೆ ಮೊದ್ಲ್ ಕಲಕ್ಕ್. ಕಲಕ್ದೆ ತೆಗ್ದದ್ದ್ ಸ್ಯಾಂಪಲ್ ಅಲ್ಲ, ಚಾಡಿ" ಎಂದರು.

'ಖಂಡಿತ' ಎಂಬ ಮಾತು ಕೇಳಿದರೆ ಅವರಿಗೆ ಮೈಯೆಲ್ಲ ಉರಿಯುತ್ತಿತ್ತು. ಯಾರಾದರೂ ಮದುವೆಯ ಕಾಗದ ಕೊಟ್ಟು "ಖಂಡಿತ ಬರ್ಕ್" ಅಂದರೆ, "ಮಳೆ ಬಪ್ದಿದ್ರೆ ಅರ್ಧಕ್ಕರ್ಧ, ಬರ್ದಿದ್ರೆ ಮುಕ್ಕಾಲ್ ಪಾಲ್ ಬತ್ತೆ" ಎಂದು ಗಂಭೀರವಾಗಿ ಹೇಳುತ್ತಿದ್ದರು. ಕರೆದವರಿಗೆ ಮುಖ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಶೇರು ಖಂಡಿತ ಏರುತ್ತದೆ ಎನ್ನುವವನು ಎದುರು ಬಂದರೆ ದಾರಿ ಬದಲಿಸಿ ಎಂದು ನಮಗೆ ಬುದ್ಧಿ ಹೇಳುತ್ತಿದ್ದರು. ನಾವು ನಗುತ್ತಿದ್ದೆವು.

ನನ್ನ ನಗು ನಿಂತದ್ದು ಎರಡನೇ ವರ್ಷದಲ್ಲಿ. ನನ್ನೂರು ಅಮಾಸೆಬೈಲು. ಕಾಲೇಜಿನ ಹೊತ್ತಿಗೆ ಕುಂದಾಪುರ ತಲುಪುತ್ತಿದ್ದದ್ದು ಬೆಳಗಿನ ಒಂದೇ ಬಸ್ಸು. ಜನವಿಲ್ಲ, ನಿಲ್ಲಿಸುತ್ತೇನೆ ಎಂದು ಅದರ ಯಜಮಾನರು ಹೊರಟರು. ನಾವು ಗೋಗರೆದ ಮೇಲೆ, ಜನ ಇದ್ದಾರೆಂದು ಸರಿಯಾಗಿ ಎಣಿಸಿ ತೋರಿಸಿದರೆ ಓಡಿಸುತ್ತೇನೆ ಎಂದರು. ಮೇಡಂ ಅದನ್ನೇ ನಮ್ಮ ತರಗತಿಯ ಪ್ರಾಜೆಕ್ಟ್ ಮಾಡಿದರು.

"ಶನಿವಾರ ಎಣ್ಸುವ ಮೇಡಂ, ಸಂತಿ ದಿನ ಬಸ್ಸಂಗೆ ಕಾಲ್ ಹಾಕುಕೆ ಜಾಗ ಇರುದಿಲ್ಲೆ" ಎಂದೆ.

ಅವರು ಒಪ್ಪಲಿಲ್ಲ. ತಿಂಗಳ ಎಲ್ಲ ದಿನಗಳನ್ನೂ ಚೀಟಿಯಲ್ಲಿ ಬರೆದು, ಡಬ್ಬಿಗೆ ಹಾಕಿ ಕುಲುಕಿ, ನನ್ನ ಕೈಯಿಂದಲೇ ಎತ್ತಿಸಿದರು. ಬಂದ ದಿನಗಳಲ್ಲೇ ಎಣಿಸಿದೆವು. ಹೆಚ್ಚಿನ ದಿನ ಅರ್ಧ ಬಸ್ಸು ಖಾಲಿ. ಮೇಡಂ ಸರಾಸರಿ ತೆಗೆದು ಒಂದಂಕಿಯೂ ತಿದ್ದದೆ ಯಜಮಾನರಿಗೆ ಕೊಟ್ಟರು. ಮುಂದಿನ ತಿಂಗಳು ಬಸ್ಸು ನಿಂತಿತು. ನನಗೆ ಅವರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಹೇಳದೆ ಕೇಳದೆ ಕಾಲೇಜು ಬಿಟ್ಟು ಮನೆಯಲ್ಲಿ ಕೂತೆ. ಹಾಸ್ಟೆಲಿನಲ್ಲಿ ಜಾಗವಿರಲಿಲ್ಲ. ಅಪ್ಪ, ಓದಿದ್ದು ಸಾಕು ಎಂದುಬಿಟ್ಟರು.

ಆ ಭಾನುವಾರ ಬಾಡಿಗೆ ರಿಕ್ಷಾದಲ್ಲಿ ಮೇಡಂ ನಮ್ಮ ಅಂಗಳದಲ್ಲಿ ಇಳಿದರು. ಅಪ್ಪ ಕುರ್ಚಿ ಹಾಕಿದರು, ಆದರೆ ಮಾತಿನಲ್ಲಿ ಬಿಟ್ಟುಕೊಡಲಿಲ್ಲ.

"ನೀವೇ ಎಣ್ಸಿ ಬಸ್ ನಿಲ್ಸದ್ದ್ ಅಂಬ್ರಲೆ, ಮೇಡಂ?"

"ಹೌದ್. ಲೆಕ್ಕ ಬದ್ಲ್ ಮಾಡುಕೆ ನಂಗೆ ಬತ್ತಿಲ್ಲೆ. ನಿಮ್ಮ ಹೆಣ್ಣನ್ ಓದ್ಸುಕೆ ಬತ್ತ್. ಹೆಮ್ಮಾಡಿಯಂಗೆ ನಮ್ಮನಿ ಇತ್ತ್, ನಾನೂ ಅಕ್ಕನೂ ಇಬ್ರೇ. ಕಳ್ಸಿ."

 ಅಪ್ಪ ಅಮ್ಮನನ್ನು ಕರೆದು, "ಅವ್ಳ್ ಬಟ್ಟಿ ಕಟ್" ಎಂದರು.

ಡಿಗ್ರಿ ಮುಗಿಯುವವರೆಗೂ ನಾನು ಅವರ ಮನೆಯ ಮೂಲೆ ಕೋಣೆಯಲ್ಲಿದ್ದೆ. ಬೈಗುಳಕ್ಕೆ ಬರವಿರಲಿಲ್ಲ. ಉತ್ತರ ಅಂದಾಜು ಮಾಡದೆ ಕ್ಯಾಲ್ಕುಲೇಟರ್ ಮುಟ್ಟಿದರೆ ಕೈಮೇಲೆ ಒಂದೇಟು ಬೀಳುತ್ತಿತ್ತು. ಜ್ವರ ಬಂದಾಗ ಮಾತ್ರ ಅದೇ ಕೈ ನನ್ನ ಹಣೆಯ ಮೇಲಿರುತ್ತಿತ್ತು. ಹೆತ್ತವಳನ್ನು ಬಿಟ್ಟರೆ ನನ್ನನ್ನು ಅಷ್ಟು ಪ್ರೀತಿಯಿಂದ ನೋಡಿಕೊಂಡವರು ಇನ್ನೊಬ್ಬರಿಲ್ಲ. ಥ್ಯಾಂಕ್ಸ್ ಹೇಳಲು ಹೋದಾಗಲೆಲ್ಲ, "ಹೋಯ್ ಉಣ್ಣ್, ಗಂಜಿ ತಣಿತ್ತ್" ಎಂದು ಮಾತು ಹಾರಿಸುತ್ತಿದ್ದರು.

ಹೋದ ವರ್ಷ ಮೇಡಂ ತೀರಿಕೊಂಡರು. ಬೈಂದೂರಿನ ಬ್ಯಾಂಕಿಗೆ ರಜೆ ಹಾಕಿ ಉತ್ತರಕ್ರಿಯೆಯ ಬೊಜ್ಜದ ಊಟದ ದಿನ ಹೆಮ್ಮಾಡಿಗೆ ಹೋದೆ. ಮೇಡಂ ಅವರ ಅಕ್ಕ ಗಿರಿಜಕ್ಕ ನನ್ನ ಕೈ ಹಿಡಿದುಕೊಂಡು ಅತ್ತರು. ಬಂದವರಿಗೆ ಚಾ ಮಾಡೋಣವೆಂದು ಒಳಗೆ ಹೋದರೆ, ಗುರುತಿಲ್ಲದ ಹೆಂಗಸೊಬ್ಬಳು ಆಗಲೇ ಒಲೆಯ ಮುಂದೆ ನಿಂತಿದ್ದಳು.

ಆ ಮನೆಯಲ್ಲಿ ಸಕ್ಕರೆ ಅಡುಗೆಮನೆಯಲ್ಲಿ ಸಿಗುತ್ತಿರಲಿಲ್ಲ. ಮೇಡಂಗೆ ಸಕ್ಕರೆ ಕಾಯಿಲೆ, ಕದ್ದು ತಿನ್ನುವ ಚಾಳಿ ಬೇರೆ. ಹಾಗಾಗಿ ಗಿರಿಜಕ್ಕ ಅದನ್ನು ದೇವರ ಕೋಣೆಯಲ್ಲಿ, ದೀಪದೆಣ್ಣೆಯ ಡಬ್ಬಿಯ ಹಿಂದೆ ಬಚ್ಚಿಡುತ್ತಿದ್ದರು. ಮನೆಯೊಳಗೆ ಇದ್ದವರಿಗಷ್ಟೇ ಅದು ಗೊತ್ತು. ನಾನು ತರಬೇಕೆನ್ನುವಷ್ಟರಲ್ಲಿ ಆ ಹೆಂಗಸೇ ಹೋಗಿ ಸಕ್ಕರೆ ತಂದಳು.

"ನೀವ್ ಮೇಡಂ ಸಂಬಂಧದವ್ರಾ?" ಎಂದು ಕೇಳಿದೆ.

"ಅಲ್ಲ. ಅಪ್ಪ ಓದ್ ಬಿಡ್ಸದಾಗ ಮೇಡಂ ಇಲ್ಲಿಗ್ ಕರ್ಕಂಡ್ ಬಂದಿದ್ರ್. ಆ ಮೂಲಿ ಕೋಣ್ಯಂಗೇ ಇದ್ದೆ. ನೀವ್?"

ಇಷ್ಟು ವರ್ಷ ಆ ಕೋಣೆ ನನ್ನೊಬ್ಬಳದೇ ಎಂದುಕೊಂಡಿದ್ದೆ. "ನಾನೂ" ಎಂದೆ.

ಅಷ್ಟರಲ್ಲಿ ಹಿತ್ತಲ ಬಾಗಿಲಿನಿಂದ ಇನ್ನೊಬ್ಬಳು ಸೆರಗು ಸಿಕ್ಕಿಸಿಕೊಳ್ಳುತ್ತಾ ಬಂದಳು. ಚಾ ಕುದಿಯುತ್ತಿದ್ದುದನ್ನು ನೋಡಿ, ಯಾರನ್ನೂ ಏನೂ ಕೇಳದೆ, ಸೀದಾ ದೇವರ ಕೋಣೆಗೆ ಹೋದಳು.