ಅಜ್ಜಿಯ ಬಳ್ಳಿಗೆ ಬಿದ್ದ ಹುಳ

ಆಗೆಲ್ಲ ಸಖರಾಯಪಟ್ಟಣದ ಕಡೆ ತೆಂಗಿನ ತೋಟಗಳಿಗೆ ತಂತಿ ಬೇಲಿ ಹಾಕುವವರು ಯಾರೂ ಇರಲಿಲ್ಲ. ಕತ್ತಾಳೆ, ಕಳ್ಳಿ, ಲಂಟಾನ ಒಂದಕ್ಕೊಂದು ಹೆಣೆದುಕೊಂಡು ಆಳೆತ್ತರ ಬೆಳೆದದ್ದೇ ಬೇಲಿ. ನಮ್ಮ ಬೇಲಿಯ ಮೇಲೆ ಘಾಟು ವಾಸನೆಯ ಈಶ್ವರಿ ಬಳ್ಳಿಯೂ ಹಬ್ಬಿತ್ತು. ಅದಿದ್ದ ಕಡೆ ಹಾವು ಸುಳಿಯುವುದಿಲ್ಲವೆಂದು ಅಜ್ಜಿಯ ನಂಬಿಕೆ. ಮಳೆ ಬಿದ್ದು ಬಳ್ಳಿ ಚಿಗುರಿತೋ, ಕಂದು ಮೈಗೆ ಕೆಂಪು ಮುಳ್ಳು ಹೊತ್ತ ಹುಳಗಳು ಎಲೆಗೆ ಬೀಳುತ್ತಿದ್ದವು. ಅವನ್ನು ಕಡ್ಡಿಯಿಂದ ಆರಿಸಿ ಬೂದಿ ತುಂಬಿದ ಕರಟಕ್ಕೆ ಹಾಕುವುದು ನನ್ನ ಕೆಲಸ. ಎಲೆ ತೂತಾಗದಂತೆ ನೋಡಿಕೊಂಡರೆ ಅಜ್ಜಿ ಬೊಗಸೆ ತುಂಬ ಹುರಿಗಾಳು ಕೊಡುತ್ತಿದ್ದಳು.

ಅದೇ ಬೇಲಿಯ ಲಂಟಾನ ಹೂವಿಗೆ ಒಂದು ಕರಿ ಚಿಟ್ಟೆ ಬರುತ್ತಿತ್ತು. ಅದರ ಹೊಟ್ಟೆ ಕುಂಕುಮದಲ್ಲಿ ಅದ್ದಿ ತೆಗೆದ ಹಾಗೆ. ಒಂದೇ ಒಂದು ಸಲ ನನ್ನ ಕೈಮೇಲೆ ಕೂರಲಿ ಎಂದು ನಾನು ಕಾಯದ ದಿನವಿಲ್ಲ. ಬರಬರುತ್ತಾ ಅದು ಬರುವುದೇ ಕಡಿಮೆಯಾಯಿತು.

ನಾಲ್ಕನೇ ಕ್ಲಾಸಿನ ಮಳೆಗಾಲದಲ್ಲಿ ಒಂದು ಹುಳವನ್ನು ಸುಮ್ಮನೆ ಕುತೂಹಲಕ್ಕೆ ಗಾಜಿನ ಜಾಡಿಯಲ್ಲಿ ಬಚ್ಚಿಟ್ಟೆ. ನುಗ್ಗೆ ಸೊಪ್ಪು ಹಾಕಿದೆ, ಮೂಸಲಿಲ್ಲ. ಹೊಂಗೆ ಚಿಗುರು ಹಾಕಿದೆ, ಅದೂ ಬೇಡ. ಉಪವಾಸ ಬಿದ್ದಿತೇ ಹೊರತು ಬಾಯಿ ಹಾಕಲಿಲ್ಲ. ಹಠದಲ್ಲಿ ನನ್ನನ್ನೂ ಮೀರಿಸಿತು. ಕೊನೆಗೆ ಈಶ್ವರಿ ಎಲೆ ಕೊಟ್ಟೆ, ಗಬಗಬನೆ ತಿಂದಿತು. ಆಮೇಲೆ ಗೂಡಾಗಿ ಕಡ್ಡಿಗೆ ಅಂಟಿಕೊಂಡಿತು. ಒಂದು ಬೆಳಿಗ್ಗೆ ನೋಡುತ್ತೇನೆ, ಜಾಡಿಯೊಳಗೆ ಒದ್ದೆ ರೆಕ್ಕೆ, ಕುಂಕುಮದ ಹೊಟ್ಟೆ! ಇಷ್ಟು ವರ್ಷ ಬೂದಿಯಲ್ಲಿ ಹೊರಳಿಸಿ ಕೊಂದದ್ದು ಇದನ್ನೇ. ಚಿಟ್ಟೆ ನನ್ನ ಬೆರಳ ಮೇಲೆ ಕೂತು ರೆಕ್ಕೆ ಒಣಗಿಸಿಕೊಂಡು ಹಾರಿತು. ಆಸೆ ಈಡೇರಿತು, ಆದರೂ ಅಳು ಬಂತು.

ಅಂದೇ ಕರಟ ಒಡೆದು ಹಾಕಿದೆ.

“ಅಜ್ಜಿ, ನಾನಿನ್ನು ಹುಳ ಆರ್ಸಲ್ಲ.”

“ಬಳ್ಳಿ ಬೋಳಾದ್ರೆ ಹಾವಿಗೆ ನೀನ್ ಕಾವ್ಲು ಕೂತ್ಕತೀಯೇನೇ?”

“ಕೂತ್ಕತೀನಿ!”

ಕೂತೆ ಕೂಡ. ಸ್ಕೂಲು ಬಿಟ್ಟೊಡನೆ ಕೋಲು ಹಿಡಿದು ಬೇಲಿಯ ಮುಂದೆ ಹಾಜರು. ಮನೆಮಂದಿಯೆಲ್ಲ ನಕ್ಕರು. ಹುಳಗಳು ಬಳ್ಳಿಯನ್ನು ಬರೀ ದಂಟು ಮಾಡಿಟ್ಟವು, ಅಜ್ಜಿ ನನ್ನೊಡನೆ ಮಾತು ಬಿಟ್ಟಳು. ಮುಂದಿನ ಮಳೆಗೆ ಬುಡದಿಂದ ಹೊಸ ಚಿಗುರು ಬಂತು. ಅಜ್ಜಿ ಬಗ್ಗಿ ನೋಡಿ, “ಹುಳ ಎಲೆ ತಿಂತು, ಬೇರು ಮುಟ್ಲಿಲ್ಲ ಕಣೇ. ಇರ್ಲಿ ಬಿಡು, ಅದ್ಕೂ ಹೊಟ್ಟೆ ಇಲ್ವಾ,” ಎಂದು ಹುರಿಗಾಳು ಕೊಟ್ಟಳು.

ಬೇರು ಮುಟ್ಟಿದವರು ನಾವು. ಅಜ್ಜಿ ಹೋದ ಮೇಲೆ ಬೇಲಿಯನ್ನು ಬುಡಸಮೇತ ಕೀಳಿಸಿ ತಂತಿ ಎಳೆದೆವು. ಕುಂಕುಮದ ಹೊಟ್ಟೆಯ ಚಿಟ್ಟೆ ಈಗ ನಮ್ಮ ತೋಟದ ಕಡೆ ಕಣ್ಣಿಗೆ ಬೀಳುವುದೇ ಅಪರೂಪ. ದನ ಮೇಯುವ ಎಮ್ಮೆದೊಡ್ಡಿ ಕಾವಲಿನ ಅಂಚಿನ ಪೊದೆಯಿಂದ ಬೀಜ ತಂದು ಅದೇ ತಂತಿಗೆ ಈಶ್ವರಿ ಬಳ್ಳಿ ಹಬ್ಬಿಸಿದ್ದೇನೆ. “ಕಳೆಗೂ ನೀರು ಹೊಯ್ತೀಯಲ್ಲಕ್ಕ,” ಎಂದು ತಮ್ಮ ಹಂಗಿಸುತ್ತಾನೆ. ಹಂಗಿಸಲಿ. ದಿನಾ ಬೆಳಿಗ್ಗೆ ಎಲೆ ಮಗುಚಿ ನೋಡುತ್ತೇನೆ. ಮೂರು ಮಳೆಗಾಲ ಕಳೆದವು, ಒಂದು ಎಲೆಗೂ ತೂತಿಲ್ಲ. ಆಗ ಇದಕ್ಕೇ ಹುರಿಗಾಳು ಸಿಗುತ್ತಿತ್ತು, ಈಗ ಇದನ್ನು ನೋಡಿದರೇ ಸಂಕಟ. ಕಾವಲು ಕೂತ್ಕತೀನಿ ಎಂದವಳು ನಾನು. ಇನ್ನೂ ಎದ್ದಿಲ್ಲ.