ಓಡಬೇಡ ಎಂದವಳು

ಗದಗಿನ ಕಾಲೇಜೊಂದಕ್ಕೆ ದೈಹಿಕ ಶಿಕ್ಷಣ ನಿರ್ದೇಶಕಿಯಾಗಿ ನಾನು ಹಾಜರಾದ ದಿನ, ಕಚೇರಿಯ ಗುಮಾಸ್ತರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಸಂಗೀತದ ಮೇಡಂ ಏನ್ರಿ?" ಎಂದು ಕೇಳಿದ್ದರು. ಆ ಜಾಗಕ್ಕೆ ಹೆಂಗಸು ಬಂದದ್ದನ್ನು ಅವರು ಕಂಡಿರಲಿಲ್ಲ. ನಾನು ಶಿರಹಟ್ಟಿಯ ಓಣಿಯಲ್ಲಿ ಖೊಖೊ ಆಡಿ ಬೆಳೆದವಳು. ಆಟವೇ ಅನ್ನ ಕೊಡುತ್ತದೆ ಎಂದು ನಮ್ಮ ಮನೆಯಲ್ಲಿ ಯಾರೂ ಅಂದುಕೊಂಡಿರಲಿಲ್ಲ, ನಾನೂ ಅಂದುಕೊಂಡಿರಲಿಲ್ಲ.

ಹುದ್ದೆಯ ಹೆಸರು ದೊಡ್ಡದು. ಕೆಲಸವೆಂದರೆ ಮೈದಾನಕ್ಕೆ ಸುಣ್ಣದ ಗೆರೆ ಹಾಕಿಸುವುದು, ಹರಿದ ನೆಟ್ ಹೊಲಿಸುವುದು, ತಂಡ ಕಟ್ಟಿಕೊಂಡು ಊರೂರು ತಿರುಗುವುದು. ಎಲ್ಲಕ್ಕಿಂತ ಕಷ್ಟದ್ದು ಹುಡುಗಿಯರ ಮನೆಗೆ ಹೋಗಿ ಜಗಲಿಯ ಮೇಲೆ ಕೂತು, "ಸಂಜೀಕ ತಡಾ ಆಗತೈತ್ರಿ, ನಾನ ಮನಿಮಟಾ ತಂದು ಬಿಡ್ತೀನಿ" ಎಂದು ಅಪ್ಪಂದಿರನ್ನು ಒಪ್ಪಿಸುವುದು. ಹಾಗೆ ಒಪ್ಪಿಸಿ ಕರೆತಂದವರಲ್ಲಿ ಬಹಳ ಜನ ಈಗ ನೆನಪಿನಲ್ಲಿ ಒಬ್ಬರೊಳಗೊಬ್ಬರು ಕಲೆಸಿಹೋಗಿದ್ದಾರೆ. ಒಬ್ಬಳು ಮಾತ್ರ ಬೇರೆಯಾಗಿಯೇ ಉಳಿದಿದ್ದಾಳೆ. ಅವಳ ಕತೆ ಬರೆಯಲು ಅವಳೇ ಒಪ್ಪಿದ್ದಾಳೆ. ಹೆಸರು ಬೇಡ ಅಂದಿದ್ದಾಳೆ.

ಕಳಸಾಪುರದ ರೈತರ ಮಗಳು. ಬಿ.ಎ. ಮೊದಲ ವರ್ಷ. ಕಾಲೇಜಿನ ವಾರ್ಷಿಕ ಕ್ರೀಡಾಕೂಟದಲ್ಲಿ ದೂರದ ಓಟಕ್ಕೆ ಅವರ ಕ್ಲಾಸಿನಿಂದ ಯಾರೂ ಇಲ್ಲವೆಂದು ಗೆಳತಿಯರು ಇವಳನ್ನು ನೂಕಿದ್ದರು. ಚೂಡಿದಾರದ ಓಢಣಿಯನ್ನು ಸೊಂಟಕ್ಕೆ ಬಿಗಿದು ಬರಿಗಾಲಲ್ಲಿ ಓಡಿದಳು. ನಮ್ಮದು ಕಪ್ಪು ಎರೆ ಮಣ್ಣಿನ ಮೈದಾನ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಆ ಬಿರುಕುಗಳನ್ನು ದಾಟಿಕೊಂಡು ಎಲ್ಲರಿಗಿಂತ ಮುಂಚೆ ಬಂದವಳು ಗೆರೆಯ ಹತ್ತಿರ ನಿಲ್ಲಲೇ ಇಲ್ಲ, ಇನ್ನೊಂದು ಸುತ್ತು ಹೊರಟೇಬಿಟ್ಟಳು. ನಾನು ಸೀಟಿ ಊದಿ ಕೂಗಿ ಕರೆಯಬೇಕಾಯಿತು.

"ಮುಗೀತೇನ್ರಿ ಮೇಡಂ? ಇನ್ನೂ ಐತಿ ಅಂದ್ಕೊಂಡಿದ್ನಿ" ಅಂದಳು. ಏದುಸಿರು ಕೂಡ ಇರಲಿಲ್ಲ. ನೋಡುತ್ತಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ, ಮೈ ಜುಮ್ಮೆಂದಿತು. ಇಂಥವಳು ಸಿಗುತ್ತಾಳೆಂದೇ ಅಲ್ಲವೇ ನಾನು ಇಷ್ಟು ಜಗಲಿ ಹತ್ತಿ ಇಳಿದದ್ದು?

ಅವಳ ಅಪ್ಪ ಬೇರೆಯವರಂತೆ ಸತಾಯಿಸಲಿಲ್ಲ. "ಆಕಿ ಸಣ್ಣಾಕಿ ಇದ್ದಾಗಿಂದ ಹೊಲಕ್ಕ ಬುತ್ತಿ ತರೂದು ಓಡ್ಕೋತನ ರೀ ಅಕ್ಕೋರ. ನಿಮ್ಮ ಕಡೆ ಓಡಿದ್ರ ಏನಾತು?" ಅಂದರು. ಬೆಳಗ್ಗೆ ಅವರ ಊರ ಕಡೆಯ ರಸ್ತೆಯಲ್ಲಿ ಅವಳು ಓಡುತ್ತಿದ್ದಳು, ನಾನು ಹಿಂದೆ ಸ್ಕೂಟಿಯಲ್ಲಿ. ಎದುರುಗಾಳಿ ಬೀಸಿದರೆ ನನ್ನ ಗಾಡಿಯೇ ಅಲುಗಾಡುತ್ತಿತ್ತು. ಅವಳು ತಲೆ ಬಗ್ಗಿಸಿ ಗಾಳಿಯೊಳಗೆ ನುಗ್ಗುತ್ತಿದ್ದಳು. ಆ ವರ್ಷ ವಲಯ ಮಟ್ಟದಲ್ಲಿ ಗೆದ್ದಳು. ಮರುವರ್ಷವೂ ಗೆದ್ದಳು. ಧಾರವಾಡದಲ್ಲಿ ದೊಡ್ಡ ಕೂಟವಿತ್ತು, ಅಲ್ಲಿ ಗೆದ್ದರೆ ರಾಜ್ಯದ ಹೊರಗೆ ಹೋಗಿ ಓಡಬಹುದಿತ್ತು.

ಅದಕ್ಕೆ ಸ್ವಲ್ಪ ದಿನ ಮುಂಚೆ, ಅದೇ ರಸ್ತೆಯಲ್ಲಿ ಓಡುತ್ತಿದ್ದವಳು ಕುಸಿದು ಬಿದ್ದಳು. ಎಡವಿ ಬೀಳುವುದು ಬೇರೆ. ಇದು ಗೊಂಬೆಯ ದಾರ ಕಡಿದ ಹಾಗೆ. ನಾನು ಗಾಡಿ ಬಿಟ್ಟು ಓಡಿಹೋಗಿ ನೀರು ಚಿಮುಕಿಸುವಷ್ಟರಲ್ಲಿ ಎದ್ದು ಕೂತು, "ಮುಂಜಾನೆ ಏನೂ ತಿಂದಿದ್ದಿಲ್ರಿ" ಎಂದು ನಾಚಿಕೊಂಡಳು. ನನಗೆ ಸಮಾಧಾನವಾಗಲಿಲ್ಲ. ಗದಗಿನ ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಹುಬ್ಬಳ್ಳಿಗೆ ಹೋಗಿರೆಂದರು.

ಹುಬ್ಬಳ್ಳಿಗೆ ಅವಳ ಅಪ್ಪನೂ ಬಂದರು. ಅಲ್ಲಿನ ಹೃದಯದ ಡಾಕ್ಟರು ಪರೀಕ್ಷೆ ಮಾಡಿ ನಿಧಾನವಾಗಿ ತಿಳಿಸಿ ಹೇಳಿದರು. ಗುಂಡಿಗೆಯ ಗೋಡೆ ಹುಟ್ಟಿನಿಂದಲೇ ದಪ್ಪ. ನಡೆಯಲಿ, ಓದಲಿ, ಮದುವೆಯಾಗಲಿ, ಮಾತ್ರೆ ತಗೊಂಡು ನೂರು ವರ್ಷ ಬಾಳಲಿ. ಪಂದ್ಯದ ಓಟ ಮಾತ್ರ ಬೇಡ. ಓಡುತ್ತಿರುವಾಗಲೇ ಗುಂಡಿಗೆ ನಿಂತುಬಿಡಬಹುದು.

"ನಿಲ್ತೈತೇನ್ರಿ, ನಿಲ್ಲಬಹುದೇನ್ರಿ?" ಎಂದು ಅವಳು ಕೇಳಿದಳು.

"ನಿಲ್ಲಬಹುದವ್ವ. ಯಾವಾಗ ಅಂತ ಯಾರಿಗೂ ಹೇಳಾಕ ಆಗೂದಿಲ್ಲ. ನಿಲ್ಲದನ ಇರಬಹುದು."

ವಾಪಸು ಬರುವಾಗ ರೈಲು ಅಣ್ಣಿಗೇರಿ ದಾಟಿತು. ಅಪ್ಪ ಬಾಗಿಲ ಹತ್ತಿರ ಹೋಗಿ ನಿಂತಾಗ ಅವಳು ನನ್ನ ಪಕ್ಕಕ್ಕೆ ಸರಿದು ಕೂತಳು.

"ಮೇಡಂ, ಇದೊಂದ ಸಲ ಓಡ್ತೀನ್ರಿ. ಆಮ್ಯಾಗ ಬಿಡ್ತೀನಿ. ಕಾಲೇಜಿನ್ಯಾಗ ಯಾರಿಗೂ ಹೇಳಬ್ಯಾಡ್ರಿ."

"ಬ್ಯಾಡವ್ವ."

"ಡಾಕ್ಟರು ನಿಲ್ಲದನ ಇರಬಹುದು ಅಂದ್ರಲ್ರಿ."

"ಅಂದ್ರು. ಆದ್ರೂ ಬ್ಯಾಡ."

ಅವಳು ಮುಖ ಕಿಟಕಿಗೆ ತಿರುಗಿಸಿದಳು. ಗದಗಿನಲ್ಲಿ ಇಳಿಯುವಾಗ ನನ್ನ ಕೈ ಹಿಡಿಯಲಿಲ್ಲ.

ಮರುದಿನ ಅವರ ಮನೆಗೆ ಹೋದೆ. ಅವಳ ಅವ್ವ ಚಹಾ ಕೊಟ್ಟು, ಬಾಗಿಲು ಮುಂದೆ ಮಾಡಿ, ನನ್ನ ಎದುರು ಕೂತರು. "ಅಕ್ಕೋರ, ಆಕಿನ್ನ ಓಡಸಬ್ಯಾಡ್ರಿ, ಆತು. ಆದ್ರ ಯಾಕ ಅಂತ ಒಂದು ನರಪಿಳ್ಳಿಗೂ ಹೇಳಬ್ಯಾಡ್ರಿ. ಗುಂಡಿಗಿ ಸರಿ ಇಲ್ಲ ಅಂತ ಊರಾಗ ಖಬರ ಆದ್ರ ನಾಳೆ ಇಕಿನ್ನ ಯಾರು ಮಾಡ್ಕೋತಾರ? ನಿಮಗ ಕೈ ಮುಗೀತೀನಿ." ಮುಗಿದೇಬಿಟ್ಟರು. ನಾನು ಆ ಕೈ ಹಿಡಿದು ಕೆಳಗಿಳಿಸಿ, ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಆ ಮಾತು ಎಷ್ಟು ಭಾರದ್ದೆಂದು ಕಾಲೇಜಿಗೆ ಬಂದ ಮೇಲೆ ತಿಳಿಯಿತು. ಅವಳ ಹೆಸರು ಕೈಬಿಟ್ಟೆ ಎಂದಾಗ ಪ್ರಿನ್ಸಿಪಾಲರು ಕನ್ನಡಕ ತೆಗೆದು ನೋಡಿದರು. "ಕಾರಣ?"

"ತಯಾರಿ ಸಾಲದ್ರಿ ಸರ್."

"ಸಾಲದ? ಮೊನ್ನೆ ಮೊನ್ನೆ ಗೆದ್ದು ಬಂದಾಳ!"

ನಾನು ಅದನ್ನೇ ಮತ್ತೆ ಹೇಳಿದೆ. ಅವಳ ಜಾಗದಲ್ಲಿ ಬೆಟಗೇರಿಯ ಹುಡುಗಿಯೊಬ್ಬಳನ್ನು ಕರೆದೊಯ್ದೆ. ಆ ಪಾಪದ ಹುಡುಗಿ ಕೊನೆಯಲ್ಲಿ ಬಂದಳು. ಆಮೇಲೆ ಶುರುವಾಯಿತು. ಬೆಟಗೇರಿಯವರು ಮೇಡಂಗೆ ಬೇಕಾದವರಂತೆ, ಜಾತಿ ನೋಡಿದರಂತೆ, ಹಳ್ಳಿ ಹುಡುಗಿ ಮೇಲೆ ಬಂದದ್ದು ಇವರಿಗೆ ಸಹಿಸಲಾಗಲಿಲ್ಲವಂತೆ. ಸ್ಟಾಫ್ ರೂಮಿಗೆ ನಾನು ಹೋದೊಡನೆ ಮಾತು ನಿಲ್ಲುತ್ತಿತ್ತು. ಅವಳ ಗೆಳತಿಯರು ನಮಸ್ಕಾರ ಮಾಡುವುದು ಬಿಟ್ಟರು. ಯಾರೋ ನನ್ನ ಆಟದ ಸಾಮಾನಿನ ಕೋಣೆಯ ಬಾಗಿಲ ಮೇಲೆ ಸುಣ್ಣದಲ್ಲಿ ಕೆಟ್ಟ ಮಾತು ಬರೆದಿದ್ದರು. ನಾನೇ ಹಸಿ ಬಟ್ಟೆ ತಂದು ಒರೆಸಿದೆ.

ಇವನ್ನೆಲ್ಲ ತಡೆದುಕೊಂಡೆ. ಅವಳು ಸುಮ್ಮನಿದ್ದದ್ದು ಮಾತ್ರ ಚುಚ್ಚುತ್ತಿತ್ತು. ಅವಳು ಬಾಯಿ ಬಿಡಬೇಕೆಂದು ನಾನು ಬಯಸಲಿಲ್ಲ, ಬಿಡುವಂತೆಯೂ ಇರಲಿಲ್ಲ. ಆದರೆ ಕಾರಿಡಾರಿನಲ್ಲಿ ಎದುರಾದಾಗ ಒಮ್ಮೆ ಕಣ್ಣೆತ್ತಿ ನೋಡಿದ್ದರೆ ಸಾಕಿತ್ತು. ಡಿಗ್ರಿ ಮುಗಿಯುವವರೆಗೂ ಅವಳು ಮೈದಾನದ ಕಡೆ ಹಾಯಲಿಲ್ಲ, ಗ್ರಂಥಾಲಯದ ಹಿಂದಿನ ದಾರಿಯಿಂದ ಬಂದುಹೋಗುತ್ತಿದ್ದಳು. ಮಾತ್ರೆ ತಗೊಳ್ಳುತ್ತಾಳೋ ಇಲ್ಲವೋ ಎಂದು ನಾನು ಅವಳ ಅಪ್ಪನಿಗೆ ಆಗಾಗ ಫೋನ್ ಮಾಡಿ ಕೇಳುತ್ತಿದ್ದೆ. "ತಗೋತಾಳ್ರಿ" ಅನ್ನುತ್ತಿದ್ದರು, ಅಷ್ಟೇ.

ಆಮೇಲೆ ನನಗೆ ಜಗಲಿ ಹತ್ತುವ ಧೈರ್ಯ ಕಡಿಮೆಯಾಯಿತು. ತಂಡಗಳನ್ನು ಕಟ್ಟಿದೆ, ಕೂಟಗಳನ್ನು ನಡೆಸಿದೆ, ಯಾರಾದರೂ ಓಡಿ ಬಂದು ಎದೆ ಹಿಡಿದುಕೊಂಡರೆ ಓಡಿಹೋಗಿ ಮೊದಲು ನಾಡಿ ಹಿಡಿದು ನೋಡುತ್ತಿದ್ದೆ. ಹುಡುಗಿಯರೂ ವರ್ಷ ವರ್ಷಕ್ಕೆ ಕಡಿಮೆಯಾದರು. ಮೈದಾನದ ಒಂದು ಮಗ್ಗುಲಲ್ಲಿ ಹೊಸ ಕಟ್ಟಡ ಎದ್ದಿತು, ದೂರದ ಓಟಕ್ಕೆ ಜಾಗವೇ ಉಳಿಯಲಿಲ್ಲ. ನನ್ನ ಬೀಳ್ಕೊಡುಗೆಯ ದಿನ ಸಹೋದ್ಯೋಗಿಯೊಬ್ಬರು ಭಾಷಣದಲ್ಲಿ, "ನಮ್ಮ ಮೇಡಂ ಹಟ ಮಾಡದಿದ್ರ ಕಾಲೇಜಿಗೆ ಒಂದು ದೊಡ್ಡ ಮೆಡಲ್ ಬರ್ತಿತ್ತು" ಎಂದು ಚೇಷ್ಟೆ ಮಾಡಿದರು. ಎಲ್ಲರೂ ನಕ್ಕರು. ಶಾಲು ಹೊದ್ದುಕೊಂಡು ನಾನೂ ನಕ್ಕೆ.

ನಿವೃತ್ತಿಯ ನಂತರ ಲಕ್ಷ್ಮೇಶ್ವರದಲ್ಲಿ ಶಾಲೆಗಳ ಕ್ರೀಡಾಕೂಟಕ್ಕೆ ತೀರ್ಪುಗಾರ್ತಿಯಾಗಿ ನನ್ನನ್ನು ಕರೆದಿದ್ದರು. ಅಲ್ಲಿ ಮುಂಡರಗಿ ಕಡೆಯ ಶಾಲೆಯೊಂದರ ಮಕ್ಕಳ ಜೊತೆ ಬಂದ ಕನ್ನಡದ ಟೀಚರು ಅವಳೇ. ಸ್ವಲ್ಪ ಮೈ ತುಂಬಿತ್ತು, ಕೊರಳಲ್ಲಿ ತಾಳಿ. ತಾನಾಗಿಯೇ ಬಂದು ಕಾಲಿಗೆ ನಮಸ್ಕರಿಸಿದಳು. ಶಾಮಿಯಾನದ ಹಿಂದೆ ಚಹಾ ಹಿಡಿದು ಕೂತೆವು.

"ಮದಿವಿಗಿಂತ ಮುಂಚೇನ ನಮ್ಮ ಮನಿಯವರಿಗೆ ಎಲ್ಲಾ ಹೇಳಿದ್ನಿರಿ. ಅವ್ವಗ ಸಿಟ್ಟು ಬಂದಿತ್ತು. ಅವರು ಏನೂ ಅನ್ನಲಿಲ್ಲ. ಗುಳಗಿ ತಾವ ತಂದು ಕೊಡ್ತಾರ."

"ಛಲೋ ಆತು ಬಿಡವ್ವ."

ಮೈದಾನದಲ್ಲಿ ಸಣ್ಣ ಹುಡುಗಿಯರು ಓಟಕ್ಕೆ ಸಾಲಾಗಿ ನಿಲ್ಲುತ್ತಿದ್ದರು. ಅವಳು ಬೆನ್ನು ತಿರುಗಿಸಿಯೇ ಕೂತಿದ್ದಳು.

"ಮಂದಿ ನಿಮಗ ಏನೇನು ಅಂದ್ರು ಎಲ್ಲಾ ಗೊತ್ತಿತ್ರಿ ಮೇಡಂ. ನಾ ಒಂದ ಮಾತು ಹೇಳಿದ್ರ ಬಾಯಿ ಮುಚ್ಚತಿದ್ರು. ಹೇಳಲಿಲ್ಲ. ಅವ್ವನ ಅಂಜಿಕಿ ಒಂದ ಅಲ್ರಿ. ನಿಮ್ಮ ಮ್ಯಾಗ ಸಿಟ್ಟಿತ್ತು."

"ಈಗ?"

ಅವಳು ಕೈಯಲ್ಲಿದ್ದ ಕಪ್ಪು ತಿರುಗಿಸಿದಳು. "ಈಗೂ ಐತ್ರಿ. ನೀವು ಮಾಡಿದ್ದು ಖರೆ ಐತಿ, ಗೊತ್ತೈತಿ. ಆದ್ರ ನನಗ ಏನೂ ಆಗಿಲ್ಲಲ್ರಿ. ಅವತ್ತಿನಿಂದ ಒಂದಿನಾನೂ ತಲಿ ತಿರುಗಿಲ್ಲ. ಓಡಿದ್ರ ಏನಾಗ್ತಿತ್ತೋ ಅಂತ ದಿನಾ ಅನಸ್ತೈತಿ."

ನನಗೂ ದಿನಾ ಅನ್ನಿಸುತ್ತದೆ ಎಂದು ನಾನು ಹೇಳಲಿಲ್ಲ. "ಸಿಟ್ಟು ಇರಲವ್ವ" ಎಂದಷ್ಟೇ ಅಂದೆ. ಮೈಕಿನಲ್ಲಿ ತೀರ್ಪುಗಾರರನ್ನು ಕರೆದರು. ಅವಳು ನನ್ನ ಕೈಯಿಂದ ಖಾಲಿ ಕಪ್ಪು ತೆಗೆದುಕೊಂಡು, "ಹೋಗ್ರಿ ಮೇಡಂ, ಬಿಸಲೈತಿ, ತಲಿಮ್ಯಾಗ ಸೆರಗು ಹಾಕ್ಕೋರಿ" ಅಂದಳು. ನಾನು ಮುಕ್ತಾಯದ ಗೆರೆಯ ಹತ್ತಿರ ಹೋಗಿ ನಿಂತು ತಿರುಗಿ ನೋಡಿದಾಗ, ಅವಳು ಮಕ್ಕಳ ಚೀಲಗಳನ್ನು ಎತ್ತಿಕೊಂಡು ಬಸ್ಸು ನಿಂತಿದ್ದ ಕಡೆಗೆ ನಿಧಾನವಾಗಿ ನಡೆದು ಹೋಗುತ್ತಿದ್ದಳು.