ಚಕ್ಕಳಮಕ್ಕಳ ಹಾಕುವಷ್ಟು ಅಗಲದ ಬೆಂಚು

ಅತ್ತೆ ಬಾಗಿಲ ಮುಂದೆ ನೆಲದ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮುಖ ಮನೆಯ ಕಡೆಗೆ, ಬೆನ್ನು ಅಂಗಳಕ್ಕೆ. ಹೊತ್ತು ಮುಳುಗುತ್ತಿತ್ತು. ಸುಲಿದ ಕಾಳು ತುಂಬಿಕೊಳ್ಳಲು ತಟ್ಟೆ ಹಿಡಿದು ಹೊಸ್ತಿಲಿಗೆ ಬಂದೆ. ಅವರ ಹಿಂದೆ, ನಲ್ಲಿಯ ಪಕ್ಕದ ಒದ್ದೆ ಮಣ್ಣಿನಲ್ಲಿ, ಚಿರತೆ ಕೂತಿತ್ತು. ಅತ್ತೆಯನ್ನೇ ನೋಡುತ್ತಿತ್ತು. ಬಾಲದ ತುದಿಯೊಂದು ಮಾತ್ರ ಅಲುಗುತ್ತಿತ್ತು. ಕೂಗಲು ಬಾಯಿ ತೆರೆದೆ. ಕೈಯಿಂದ ತಟ್ಟೆ ಜಾರಿತು. ಆ ಸದ್ದಿಗೆ ಅದು ಕಾಂಪೌಂಡು ಹಾರಿ ಕಬ್ಬಿನೊಳಗೆ ಹೋಯಿತು.

“ತಟ್ಟೆ ಇಡ್ಕೊಳಕೂ ಆಗಕಿಲ್ವೇನವ್ವ ನಿಂಗೆ?” ಎಂದರು ಅತ್ತೆ, ಹಿಂದೆ ತಿರುಗಿ ಕೂಡ ನೋಡದೆ.

ಮದ್ದೂರು ಕಡೆಯ ಕೊಪ್ಪದಲ್ಲಿ ನಮ್ಮದು ಊರಿನ ಕೊನೆಯ ಮನೆ. ಅಲ್ಲಿಂದಾಚೆಗೆ ಕಬ್ಬೇ ಕಬ್ಬು. ಅರಣ್ಯ ಇಲಾಖೆಯವರು ಬಂದು ಹೆಜ್ಜೆ ಗುರುತು ನೋಡಿ, ಚಿರತೆಯೇ ಎಂದರು. ಸಂಜೆಯ ಮೇಲೆ ಹೊರಗೆ ನೆಲದಲ್ಲಿ ಕೂರಬೇಡಿ, ಕೂತವರು ಅದರ ಕಣ್ಣಿಗೆ ಸಣ್ಣ ಪ್ರಾಣಿಯಂತೆ ಕಾಣುತ್ತಾರೆ ಎಂದರು. ಕಾಂಪೌಂಡಿನ ಸುತ್ತ ಪೊದೆ ಸವರಿಸಿ, ಬೆಳಕು ಮಾಡಿಕೊಳ್ಳಿ ಎಂದೂ ಹೇಳಿ ಹೋದರು.

ಅತ್ತೆ ನೋಡಿರಲಿಲ್ಲ, ಆದ್ದರಿಂದ ಅವರಿಗೆ ಭಯವಿಲ್ಲ. ನೋಡಿದವಳು ನಾನು. ಮದ್ದೂರಿನ ಬಸ್ಸಿನಲ್ಲಿ ಕೂತಾಗ, ಸಾರಿಗೆ ಒಗ್ಗರಣೆ ಹಾಕುವಾಗ, ಆ ಬಾಲದ ತುದಿ ಕಣ್ಣ ಮುಂದೆ ಅಲುಗುತ್ತಿತ್ತು. ಡಿಗ್ರಿ ಓದುವಾಗ ಪ್ರಾಣಿಶಾಸ್ತ್ರ ನನ್ನ ವಿಷಯವಾಗಿತ್ತು. ಅದರಿಂದ ಏನೂ ಉಪಯೋಗವಾಗಲಿಲ್ಲ. ಬಿಸಿಲು ಇಳಿಯುವ ಮೊದಲೇ ಬಾಗಿಲು ಹಾಕಿ ಚಿಲಕ ಜಡಿಯುತ್ತಿದ್ದೆ. ಇಡೀ ದಿನ ಒಳಗಿದ್ದು, ಸಂಜೆಯ ಆ ಗಾಳಿಗಾಗಿ ಕಾಯುತ್ತಿದ್ದ ಅತ್ತೆ ಒಳಗೇ ಉಳಿದರು. ಊಟ ಕಡಿಮೆಯಾಯಿತು. ಮಾತು ಅದಕ್ಕಿಂತಲೂ ಕಡಿಮೆಯಾಯಿತು. ಬೀದಿಯಲ್ಲಿ ಹೋಗುವವರು ಯಾರೆಂದು ಕಿಟಕಿಯಿಂದ ಇಣುಕಿ, ಕಾಣದೆ, ಸುಮ್ಮನೆ ಬಂದು ಮಲಗುತ್ತಿದ್ದರು. ಅವರನ್ನು ಉಳಿಸಿಕೊಳ್ಳಲು ಹೋಗಿ ನಾನೇ ಅವರನ್ನು ಸೊರಗಿಸುತ್ತಿದ್ದೆ. ಆದರೂ ಚಿಲಕ ತೆಗೆಯಲು ಕೈ ಬರುತ್ತಿರಲಿಲ್ಲ.

ನನ್ನ ಗಂಡ ಬಾಗಿಲ ಮೇಲೆ ದೊಡ್ಡ ಫೋಕಸ್ ಲೈಟು ಹಾಕಿಸಿದರು. ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ಅಂಗಳವೆಲ್ಲ ಬೆಳ್ಳಗಾಯಿತು. ಆದರೆ ಕಾಂಪೌಂಡಿನ ಗೋಡೆಯ ಬುಡದಲ್ಲಿ ಮೊದಲಿಗಿಂತ ದಟ್ಟವಾದ ಕತ್ತಲು ಕೂತಿತು. ದೀಪ ಕಣ್ಣು ಕುಕ್ಕಿ ಆಚೆಯದೇನೂ ಕಾಣದಾಯಿತು. ಹಾಗಾದರೆ ಮುಂಭಾಗಕ್ಕೆಲ್ಲ ಕಬ್ಬಿಣದ ಗ್ರಿಲ್ ಹೊಡೆಸೋಣ ಎಂದರು ಗಂಡ.

ಅತ್ತೆ ಕೇಳಿದ್ದು ಒಂದೇ ಮಾತು: “ಬೋನು ಅದ್ಕೋ, ನಮ್ಗೋ?”

ಗ್ರಿಲ್ ಅಳತೆ ಕೊಟ್ಟು ಬರಲು ಮಂಡ್ಯಕ್ಕೆ ಹೋದೆವು. ಅತ್ತೆಯೂ ಹೊರಟರು. ಬೋನು ಎಂಥದ್ದೆಂದು ನೋಡಿಕೊಂಡೇ ಬರುತ್ತೇನೆ ಎಂದರು. ವೆಲ್ಡಿಂಗ್ ಅಂಗಡಿಯವನು ಊಟಕ್ಕೆ ಹೋಗಿದ್ದ. ಬಿಸಿಲು ಚುರುಗುಟ್ಟುತ್ತಿತ್ತು. ಪಕ್ಕದಲ್ಲಿ ಹೊಸದಾಗಿ ತೆರೆದಿದ್ದ, ಗಾಜಿನ ಬಾಗಿಲಿನ ದೀಪ ಮತ್ತು ಪೀಠೋಪಕರಣಗಳ ಅಂಗಡಿಯೊಳಗೆ ನೆರಳಿಗಾಗಿ ಹೊಕ್ಕೆವು. ಅಂಥ ಅಂಗಡಿಗಳು ಬೇರೆಯವರಿಗೆ ಎಂದು ಬಗೆದಿದ್ದವಳು ನಾನು. ಒಳಗೆ ನನ್ನ ಕಣ್ಣು ಅಭ್ಯಾಸದಂತೆ ಮೊದಲು ಮೂಲೆಗಳಿಗೆ ಹೋಯಿತು. ಎಲ್ಲಿಗೆ ಹೋದರೂ ಹಾಗೆ ನೋಡುತ್ತಿದ್ದೆ, ಯಾವುದು ಮುದುರಿ ಕೂತಿದೆಯೋ ಎಂದು. ಅಲ್ಲಿ ಎಲ್ಲ ಮೂಲೆಗಳೂ ಕಂಡವು. ಕಣ್ಣಿಗೆ ಚುಚ್ಚುವ ಒಂದು ದೀಪವೂ ಇರಲಿಲ್ಲ. ಮೊಣಕಾಲೆತ್ತರದ ಗೂಟಗಳ ಮೇಲೆ ಸುಟ್ಟ ಮಣ್ಣಿನ ಟೋಪಿ ಹೊತ್ತ ದೀಪಗಳು ಗೋಡೆಯುದ್ದಕ್ಕೂ ನಿಂತಿದ್ದವು. ಬೆಳಕು ಮೇಲಕ್ಕೆ ಬಾರದೆ ನೆಲದ ಮೇಲೆ ಹಳದಿಯಾಗಿ ಹರಡಿತ್ತು. ಗೋಡೆಯ ಬುಡ ಅಂಗುಲ ಅಂಗುಲವೂ ಸ್ಪಷ್ಟವಾಗಿತ್ತು. ನಾನು ಉಸಿರು ಬಿಟ್ಟದ್ದು ನನಗೇ ಕೇಳಿಸಿತು.

ಅಂಗಡಿ ನಡೆಸುವ ಹುಡುಗಿ ವಿನ್ಯಾಸ ಓದಿದವಳು. ಇವು ಹೊರಗಿಡುವ ದೀಪಗಳೇ, ಮಳೆಗೆ ಹೆದರಬೇಕಿಲ್ಲ ಎಂದಳು. ನಾನು ಚಿರತೆಯ ವಿಷಯ ಹೇಳಿದೆ. ಅವಳು ನಗಲಿಲ್ಲ. ಮಳವಳ್ಳಿಯ ಹತ್ತಿರದ ತನ್ನ ಊರಿನಲ್ಲೂ ಸಂಜೆ ಬಾಗಿಲು ಹಾಕುತ್ತಾರೆ ಎಂದಳು.

ತಿರುಗಿ ನೋಡಿದರೆ ಅತ್ತೆ ಇಲ್ಲ. ಸಾಲುಗಳ ನಡುವೆ ಹುಡುಕುತ್ತ ಹೋದೆ. ಅಂಗಡಿಯ ಕೊನೆಯಲ್ಲಿ ಒಂದು ಬೆಂಚಿನ ಮೇಲೆ, ಚಪ್ಪಲಿ ಕೆಳಗೆ ಬಿಟ್ಟು, ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಬೇರೆ ಬೆಂಚುಗಳ ಎರಡರಷ್ಟು ಅಗಲ. ಹಿಂದೆ ತಲೆಗಿಂತ ಎತ್ತರದ ಒರಗು. ಕೆಡವಿದ ಹಳೆ ಮನೆಗಳ ತೊಲೆ ಕೊಯ್ದು ಮಾಡಿದ್ದಂತೆ. ಕುರ್ಚಿ ಎಂದರೆ ಅತ್ತೆಗೆ ಆಗದು. ಕಾಲು ಇಳಿಬಿಟ್ಟರೆ ಪಾದ ಊದುತ್ತದೆ. ಅದಕ್ಕೇ ನೆಲ.

“ಕೆಳಗೆ ಇಳೀರಿ ಅತ್ತೆ, ಅಂಗಡೀದು.”

“ಅಂಗ್ಡೀದೇ ಕಣವ್ವ, ನಾನೇನ್ ಹೊತ್ಕೊಂಡೋಯ್ತಾ ಇವ್ನಾ? ಕೂತ್ಕಳಕೆ ತಾನೇ ಮಾಡಿರಾದು.” ಒರಗಿಗೆ ಬೆನ್ನು ಕೊಟ್ಟು, “ಬಾ, ನೀನೂ ಕೂತ್ಕೊ,” ಎಂದರು.

ಕೂತೆ. ಮರದ ಒರಗು ಬೆನ್ನನ್ನೆಲ್ಲ ಮುಚ್ಚಿತು. ಆ ಸಂಜೆಯಿಂದ ಬೆನ್ನ ಹಿಂದೆ ಬಯಲಿದೆ ಎಂಬ ಒಂದು ಚಳಿ ನನಗೆ ಅಂಟಿತ್ತು. ಅಲ್ಲಿ ಕೂತಷ್ಟು ಹೊತ್ತು ಅದು ಇರಲಿಲ್ಲ.

ಗಂಡ ಗೊಣಗಿದರು. ಗ್ರಿಲ್ ಆಮೇಲೂ ಹೊಡೆಸಬಹುದು, ಮೊದಲು ಈ ದೀಪ, ಬೆಂಚು ಕೊಳ್ಳೋಣ ಎಂದೆ. ಮದುವೆಯಾದ ಮೇಲೆ ಮನೆಗೆ ಒಂದು ವಸ್ತುವನ್ನು ನಾನೇ ಆರಿಸಿದ್ದು ಅದೇ ಮೊದಲು. ಪೊದೆ ಸವರಿಸಿದೆವು. ಫೋಕಸ್ ಲೈಟು ಆರಿಸಿ, ದೀಪಗಳನ್ನು ಕಾಂಪೌಂಡಿನ ಬುಡದುದ್ದಕ್ಕೂ ನೆಟ್ಟೆವು. ಬಾಗಿಲ ಪಕ್ಕ ಬೆಂಚಿನ ಬೆನ್ನು ಮನೆಯ ಗೋಡೆಗೆ, ಮುಖ ಅಂಗಳಕ್ಕೆ.

ಮೊದಲ ಸಂಜೆ ದೀಪ ಹಾಕಿದಾಗ ಡೈರಿಗೆ ಹಾಲು ಒಯ್ಯುತ್ತಿದ್ದ ಪಕ್ಕದ ಬೀದಿಯ ಹೆಂಗಸು ನಿಂತಳು.

“ಏನಮ್ಮೋ, ಸಾಲ್ದೀಪ ಮಡಗಿದ್ದೀಯ. ಮದ್ವೆ ನಿಂಗೇ ಏನು?”

“ಊಂ, ಗಂಡು ಕಬ್ಬಿನ್ ಗದ್ದೇಲವ್ನೆ, ಬತ್ತಾನೆ ಇರು,” ಎಂದರು ಅತ್ತೆ. ಇಬ್ಬರೂ ನಕ್ಕರು. ನಾನು ಕಾಂಪೌಂಡಿನ ಬುಡದ ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡಿದೆ. ಕಲ್ಲು, ಕಳೆ, ಒಂದು ಕಪ್ಪೆ. ಅಷ್ಟೇ.

ಅವಳು ಕ್ಯಾನು ಎತ್ತಿಕೊಂಡು ಹೋದಳು. ಅತ್ತೆ ಟೀ ಕೇಳಿದರು. ಅಡುಗೆಮನೆಯಿಂದ ಅಂಗಳ ಕಾಣುವುದಿಲ್ಲ. ಹೊಸ್ತಿಲಲ್ಲಿ ನಿಂತೆ. ಅವರು ಕಾಲು ಮಡಚಿ, ಎತ್ತರದಲ್ಲಿ, ಬೀದಿಯವರೆಗೂ ನೋಡುತ್ತ ಕೂತಿದ್ದರು.

“ಓಗವ್ವ,” ಎಂದರು. “ಬಂದ್ರೆ ನಾನೇ ಮೊದ್ಲು ನೋಡ್ತೀನಿ.”

ಒಳಗೆ ಹೋಗಿ ನೀರಿಟ್ಟೆ. ಟೀ ಉಕ್ಕುವವರೆಗೂ ಒಲೆಯ ಮುಂದೆಯೇ ನಿಂತಿದ್ದೆ.